ಹಾರನಹಳ್ಳಿಯ ಹಕಾರ

ಪಿರಿಯಾಪಟ್ಟಣದ ಕಡೆ ಮೇಷ್ಟ್ರಾದವನನ್ನು ಹಕಾರ ಸುಮ್ಮನೆ ಬಿಡುವುದಿಲ್ಲ. ಇರಬೇಕಾದ ಕಡೆ ಇರುವುದಿಲ್ಲ. ಬೇಡದ ಕಡೆ ಬಂದು ಕೂತಿರುತ್ತದೆ.

೧. ಆವು

ನಾನು ಹುಣಸೂರು ಪೇಟೆಯವನು. ನನ್ನವಳು ಹಾರನಹಳ್ಳಿಯವಳು, ಅವಳ ಬಾಯಲ್ಲಿ ಅದು ಆರನಳ್ಳಿ. ಮದುವೆಯಾದ ಹೊಸತರಲ್ಲಿ ಒಂದು ದಿನ ಜಗಲಿಯ ಮೇಲೆ ಹಳಗನ್ನಡ ಕಾವ್ಯ ಓದುತ್ತ ಕೂತಿದ್ದೆ. ಹಿತ್ತಿಲಲ್ಲಿ ಆವು ಬಂದಿದೆ, ಬೇಗ ಬನ್ನಿ ಎಂದು ಒಳಗಿಂದ ಕೂಗಿದಳು. ಹಳಗನ್ನಡದಲ್ಲಿ ಆವು ಎಂದರೆ ಹಸು. ಇವಳ ಬಾಯಲ್ಲಿ ಎಂಥ ಹಳೆಯ ಮಾತು ಉಳಿದಿದೆ ಎಂದು ಹಿಗ್ಗಿ, ಒಂದು ಹಿಡಿ ಹಸಿ ಹುಲ್ಲು ಕಿತ್ತುಕೊಂಡು ಹೋದೆ. ಒರಳುಕಲ್ಲಿನ ಪಕ್ಕ ನಾಗರಹಾವು ಹೆಡೆ ಎತ್ತಿತ್ತು. ಅದು ಬೇಲಿ ದಾಟಿ ಹೋದಮೇಲೆ ಅವಳು ನನ್ನ ಕೈ ನೋಡಿದಳು.

"ಆವ್ಗೆ ಉಲ್ಲಾಕೋರ್ನ ಇವತ್ತೇ ಕಂಡಿದ್ದು ಕಣ್ರೀ."

೨. ಅರ್ಧ ಪದ್ಯ

ಹಳೆಯ ಪಕಾರ ಹಕಾರವಾದ ಬಗೆಯನ್ನು ಮಕ್ಕಳಿಗೆ ಹೇಳಲು ನಾನೇ ಒಂದು ಪದ್ಯ ಕಟ್ಟಿದೆ:

ಪಾಲು ಹಾಲಾಯಿತು, ಪೂವು ಹೂವಾಯಿತು,
ಪುಲಿಯು ಹುಲಿಯಾಗಿ ಕಾಡಿಗೆ ಹೋಯಿತು.

ಮೊದಲು ಅವಳಿಗೇ ಓದಿದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಅರ್ಧಕ್ಕೇ ನಿಲ್ಸ್‌ಬುಟ್ರಲ್ಲ. ಆಮೇಲೆ ಆಲು, ಊವು, ಉಲಿ ಆಗ್ಲಿಲ್ವಾ? ನಾವು ನಿಮ್ಗಿಂತ ಒಂದೆಜ್ಜೆ ಮುಂದಿದ್ದೀವಿ ಬುಡಿ."

ವ್ಯಾಕರಣವೆಲ್ಲ ತಿರುವಿ ಹಾಕಿದೆ. ಅವಳ ಮಾತಿನಲ್ಲಿ ತಪ್ಪು ಸಿಗಲಿಲ್ಲ.

೩. ಹೆಮ್ಮೆ

ಅವಳು ತೀರಿಕೊಂಡ ವರ್ಷ ಇನ್ಸ್‌ಪೆಕ್ಟರು ಶಾಲೆಗೆ ಬಂದು, ಮಕ್ಕಳ ಬಾಯಲ್ಲಿ ಹಕಾರವೇ ಇಲ್ಲ, ಮುಂದಿನ ಸಲವೂ ಹೀಗೇ ಇದ್ದರೆ ನಿಮ್ಮನ್ನು ಕೋಟೆ ತಾಲ್ಲೂಕಿನ ಕಾಡಂಚಿಗೆ ವರ್ಗ ಮಾಡಿಸುತ್ತೇನೆ ಎಂದರು. ಅವಳು ಓಡಾಡಿದ ಮನೆ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಮೂರು ತಿಂಗಳು ಮಕ್ಕಳಿಂದ ಹಕಾರ ಹೇಳಿಸಿದ್ದೇ ಹೇಳಿಸಿದ್ದು.

ಇನ್ಸ್‌ಪೆಕ್ಟರು ಮತ್ತೆ ಬಂದರು. ಪದ್ಯ ಹೇಳಿಸಿದರು. ಹಾಲು, ಹೂವು, ಹುಲಿ, ಒಂದೂ ತಪ್ಪಲಿಲ್ಲ. ಸಂತೋಷಪಟ್ಟು, ಮುಂದಿನ ಸಾಲಿನ ಹುಡುಗಿಯನ್ನು ನಿಮ್ಮ ಮನೆಗೆ ಹಾಲು ಎಲ್ಲಿಂದ ಬರುತ್ತದಮ್ಮ ಎಂದು ಕೇಳಿದರು.

"ಹೆಮ್ಮೆಯಿಂದ ಸ್ವಾಮಿ."

ಅವರು ನನ್ನ ಕಡೆ ನೋಡಿದರು. ನಾನು ಕಪ್ಪು ಹಲಗೆಯ ಕಡೆ ನೋಡಿದೆ. ಎಷ್ಟು ಹೆಮ್ಮೆ ಇದೆ ಎಂದು ಮೆಲ್ಲಗೆ ವಿಚಾರಿಸಿದರು.

"ಹೆರಡು ಸ್ವಾಮಿ. ಚಿಕ್ಕ ಹೆಮ್ಮೆ ಹಾಲು ಕೊಡ್ತದೆ. ದೊಡ್ಡ ಹೆಮ್ಮೆ ಗೊಡ್ಡು."

ಇನ್ಸ್‌ಪೆಕ್ಟರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಗಾಡಿ ಹತ್ತುವಾಗ ನನ್ನನ್ನು ಹತ್ತಿರ ಕರೆದರು.

"ನೀವು ಇಲ್ಲೇ ಇರಿ ಮೇಷ್ಟ್ರೇ. ನಮ್ಮ ಕಚೇರಿಯ ತುಂಬ ದೊಡ್ಡ ಹೆಮ್ಮೆಗಳೇ; ಒಂದೂ ಹಾಲು ಕರೆಯುವುದಿಲ್ಲ."