ಮುಂದಿನ ಸಾಲಿನ ಕಾಕಾ

ನಮ್ಮ ಕಾಕಾ ಬನಹಟ್ಟಿಯಲ್ಲೇ ಅತಿ ದೊಡ್ಡ ಸಂಗೀತಪ್ರೇಮಿ. ಅವರಿಗೆ ಕಿವಿ ಕೇಳಿಸುವುದಿಲ್ಲ!

ನಗಬೇಡಿ, ಎರಡೂ ನಿಜ. ಹರೆಯದಿಂದಲೂ ಪವರ್‌ಲೂಮ್‌ಗಳ ನಡುವೆ ನಿಂತ ಜೀವ. ಆ ಖಟಾಖಟ್ ಸದ್ದು ಮೊದಲು ಅವರ ನಿದ್ದೆ ತಿಂದಿತು, ಆಮೇಲೆ ಕಿವಿ. ಬೇರೆ ಊರಾಗಿದ್ದರೆ ವಾರದೊಳಗೆ ಸಿಕ್ಕಿಬೀಳುತ್ತಿದ್ದರು. ನಮ್ಮ ಓಣಿಯಲ್ಲಿ ಮಗ್ಗ ನಡೆಯುವಾಗ ಯಾರ ಮಾತು ಯಾರಿಗೆ ಕೇಳಿಸೀತು? ನಾವೆಲ್ಲ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುವವರು, ಒದರಿಯೇ ಉತ್ತರ ಕೊಡುವವರು. ಇಂಥ ಊರಲ್ಲಿ ಕಿವುಡನನ್ನು ಹುಡುಕುವುದಾದರೂ ಹೇಗೆ? ಗೊತ್ತಿದ್ದದ್ದು ಅವರ ಹೆಂಡತಿ ಕಾಕುವಿಗೆ ಮತ್ತು ನನಗೆ ಮಾತ್ರ.

ಫಜೀತಿಯಾಗುವುದು ಕರೆಂಟು ಹೋದಾಗ. ಮಗ್ಗಗಳು ಗಪ್ಪನೆ ನಿಲ್ಲುತ್ತವೆ, ಊರೆಲ್ಲ ದನಿ ತಗ್ಗಿಸುತ್ತದೆ. ಕಾಕಾ ಮಾತ್ರ ಮಗ್ಗಕ್ಕೆ ಬೆನ್ನು ಮಾಡಿ ಒದರುತ್ತಲೇ ಇರುತ್ತಾರೆ. ಹೀಗೆ ಒಮ್ಮೆ ಪಕ್ಕದ ಮನೆಯ ಬೀಗರು ಎಷ್ಟು ಜಿಪುಣರೆಂಬುದನ್ನು ಕಾಕುವಿಗೆ ಗುಟ್ಟಾಗಿ ಹೇಳಿದ್ದು ಇಡೀ ಓಣಿಗೆ ಕೇಳಿಸಿತು. ಆ ಬೀಗರೂ ಹೊರಗೆ ಕಟ್ಟೆಯ ಮೇಲೇ ಕೂತಿದ್ದರು!

“ಡಾಕ್ಟರ್‌ಗೆ ತೋರಸ್ರಿ, ಮಷೀನ್ ಹಾಕ್ತಾರ” ಎಂದು ಕಾಕು ಬೇಡಿಕೊಂಡಳು.

“ಮಷೀನ್ ಕಂಡ್ರ ಮಂದಿಗೆ ಗೊತ್ತಾಗ್ತದ. ಕಿವುಡನ್ನ ಮುಂದಿನ ಸಾಲಿನ್ಯಾಗ ಯಾರ ಕುಂಡ್ರಸ್ತಾರ?”

ಇದೇ ಅವರ ಭಯ. ನಮ್ಮ ಊರಿಗೆ ಹಾಡುವವರು ಬರುತ್ತಾರೆಂದರೆ ನೇಕಾರರು ಪಾಳಿ ಬದಲಿಸಿಕೊಂಡು ಬಂದು ಕೂರುತ್ತಾರೆ. ಮುಂದಿನ ಸಾಲಿನ ನಡುವಿನ ಜಾಗ ಮಾತ್ರ ಯಾವಾಗಲೂ ಕಾಕಾರದು. ಅವರ ತಲೆ ಅಲ್ಲಾಡಿದರೆ ಊರಿನ ತಲೆ ಅಲ್ಲಾಡುತ್ತದೆ. ಒಮ್ಮೆ ತಬಲಾದವನು ಇನ್ನೂ ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡಿಕೊಳ್ಳುತ್ತಿದ್ದ. ಕಾಕಾ ಕಣ್ಣು ಅರೆಮುಚ್ಚಿ “ವಾಹ್!” ಎಂದುಬಿಟ್ಟರು. ಹಿಂದಿದ್ದವರೆಲ್ಲರದೂ ಚಪ್ಪಾಳೆ! ಪಾಪ, ಸುತ್ತಿಗೆಗೆ ಅಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಹೋದ ಶ್ರಾವಣದಲ್ಲಿ ಧಾರವಾಡ ಕಡೆಯ ವೃದ್ಧ ಗವಾಯಿಗಳೊಬ್ಬರು ಈ ಭಾಗದ ಊರೂರು ತಿರುಗುತ್ತ ಬಂದರು. ಹಿಂದಿನ ದಿನ ಜಮಖಂಡಿ, ಮರುದಿನ ಮುಧೋಳ, ನಡುವೆ ನಾವು. ಉಳಿಯುವ ವ್ಯವಸ್ಥೆ ನಮ್ಮ ಮನೆಯಲ್ಲೇ. ಹರೆಯದಲ್ಲಿ ಇವರ ಹಾಡು ಕೇಳಲು ಕಾಕಾ ಸೈಕಲ್ ತುಳಿದುಕೊಂಡು ಜಮಖಂಡಿಗೆ ಹೋಗಿದ್ದರಂತೆ. ನಮ್ಮೂರ ಕಾರ್ಯಕ್ರಮದ ಸಂಜೆ ಇಸ್ತ್ರಿ ಮಾಡಿದ ಧೋತರ ಉಟ್ಟು, ಎಲ್ಲರಿಗಿಂತ ಮೊದಲೇ ಹೋಗಿ ತಮ್ಮ ಜಾಗದಲ್ಲಿ ಕೂತರು.

ಹಾಡು ಬೆಳೆಯಿತು. ಗವಾಯಿಗಳು ಮೇಲಿನ ಷಡ್ಜಕ್ಕೆ ಹೋದರು. ಬಲಗೈ ಮೇಲೇರಿತು, ಬಾಯಿ ತೆರೆಯಿತು, ದನಿ ಒಡೆಯಿತು. ಸಭೆ ಉಸಿರು ಬಿಗಿಹಿಡಿಯಿತು. ಆ ಮೌನದಲ್ಲಿ ಕಾಕಾ ಮಗ್ಗದ ಮನೆಯ ಗಂಟಲಿನಲ್ಲಿ ಒದರಿದರು: “ವಾಹ್! ಕ್ಯಾ ಬಾತ್ ಹೈ!”

ಊರೂ “ವಾಹ್ ವಾಹ್” ಎಂದಿತು. ಗವಾಯಿಗಳ ಮುಖ ಕಪ್ಪಿಟ್ಟಿತು. ಬೇಗಬೇಗ ಒಂದು ಭಜನೆ ಹಾಡಿ ಮುಗಿಸಿದರು. ಮನೆಗೆ ಬಂದವರು ಊಟವನ್ನೂ ಮಾಡದೆ ಮಲಗಿಬಿಟ್ಟರು.

ಮರುದಿನ ಬೆಳಗ್ಗೆ ಕಾಕು ತಿಂಡಿಗೆಂದು ಮುಂದಿಟ್ಟ ಚುರುಮುರಿ ಸೂಸಲಾ ಮುಟ್ಟದೆಯೇ ಅವರು ಕಾಕಾರನ್ನು ಕೇಳಿದರು: “ಮಾಲಕರ, ನಿನ್ನೆ ನನ್ನ ದನಿ ಒಡೀತು. ಸಾಲಿ ಹುಡುಗರಿಗೂ ತಿಳಿಯೂವಂಗ ಒಡೀತು. ಅಂಥಾದ್ರಾಗ ನೀವು ವಾಹ್ ಅಂದ್ರಿ. ವಯಸ್ಸಾದಾವನ ಚ್ಯಾಷ್ಟಿ ಮಾಡಿದ್ರೇನು?”

ಕಾಕಾ ಅವರ ತುಟಿಗಳನ್ನೇ ನೋಡುತ್ತಿದ್ದರು. ಮಾತು ತಿಳಿಯಿತು. ಹೊರಗೆ ಬಾಗಿಲಲ್ಲಿ ಕಾರ್ಯಕ್ರಮ ಮಾಡಿಸಿದವರು ಗವಾಯಿಗಳನ್ನು ಕಳಿಸಿಕೊಡಲು ಬಂದು ನಿಂತಿದ್ದರು. ಏನಾದರೊಂದು ಸುಳ್ಳು ಹೇಳಿ ಮುಚ್ಚಿಹಾಕೋಣವೆಂದು ನಾನು ಬಾಯಿ ತೆರೆದೆ. ಕಾಕಾ ಕೈಯೆತ್ತಿ ತಡೆದರು.

“ನನಗ ಕೇಳಸೂದಿಲ್ರೀ. ಭಾಳ ವರ್ಷ ಆತು. ನಿಮ್ಮ ಕೈ ಮ್ಯಾಲ ಹೋತು, ಬಾಯಿ ತೆರೀತು. ನನ್ನ ಹರೇದಾಗ ಜಮಖಂಡ್ಯಾಗ ನೀವು ಹಚ್ಚಿದ ಷಡ್ಜ ಹಂಗ ಇಲ್ಲೇ ಕುಂತದ” ಎಂದು ಎದೆ ಮುಟ್ಟಿಕೊಂಡರು. “ನಾ ಅದನ್ನ ಕೇಳಿದೆ. ನನ್ನ ಪಾಲಿಗೆ ನಿಮ್ಮ ದನಿ ಇನ್ನೂ ಒಡದಿಲ್ರೀ.”

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ವರ್ಷ ಕಾಪಾಡಿಕೊಂಡಿದ್ದ ಗುಟ್ಟು ಹೋಗಿಬಿಟ್ಟಿತ್ತು.

ಗವಾಯಿಗಳು ಎದ್ದರು. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕಾಕಾರ ಎದುರಿಗೇ ಕೂತರು. ತಂಬೂರಿಯಿಲ್ಲ, ತಬಲಾ ಇಲ್ಲ. ಒಂದೊಂದು ಸ್ವರವನ್ನೂ ತುಟಿಯ ಮೇಲೆ ನಿಧಾನಕ್ಕೆ ಇಟ್ಟು ತೋರಿಸುವಂತೆ ಹಾಡಿದರು. ದನಿ ಮತ್ತೆ ಒಡೆಯಿತು. ಅವರು ನಿಲ್ಲಿಸಲಿಲ್ಲ, ಮುಖವನ್ನೂ ಸಣ್ಣದು ಮಾಡಿಕೊಳ್ಳಲಿಲ್ಲ. ನಾನು ಅದಕ್ಕಿಂತ ಛಲೋ ಹಾಡು ಕೇಳಿಲ್ಲ. ಹಾಡು ಮುಗಿಯುವ ಹೊತ್ತಿಗೆ ಕಾಕಾ ಅಳು ತಡೆಯಲಾಗದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಗವಾಯಿಗಳು ಬಾಗಿಲಲ್ಲಿ ನಿಂತವರಿಗೆ ಹೇಳಿದರು: “ಮುಂದಿನ ವರ್ಷಾನೂ ಬರ್ತೀನಿ. ಆದ್ರ ಮಾಲಕರು ಮುಂದಿನ ಸಾಲಿನ್ಯಾಗ ಇರಬೇಕು. ಇವರು ಇರಲಿಲ್ಲಂದ್ರ ನಾ ಹಾಡೂದಿಲ್ಲ.”

ಗೋಡೆಗೆ ಮುಖ ಮಾಡಿದ್ದ ಕಾಕಾರಿಗೆ ಇದೊಂದೂ ತಿಳಿಯಲಿಲ್ಲ. ಕಾಕು ಅಡುಗೆಮನೆಯಿಂದ ಬಂದಳು. ಇಷ್ಟು ಮಂದಿಯ ಎದುರಿಗೆ ಗಂಡನ ಹತ್ತಿರ ನಿಲ್ಲಲೂ ನಾಚುವ ನಮ್ಮ ಕಾಕು, ಅವರ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಗವಾಯಿಗಳು ಆಡಿದ ಒಂದೊಂದು ಮಾತನ್ನೂ ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದಳು.