ಸಲಹಾ ಬೆಂಚಿಗೆ ಬಂದ ಅಜ್ಜಿ

ವಯಸ್ಸಾದವರಿಗೆ ದಾರಿ ಹೇಳಲು ಹೊರಟವನಿಗೆ ನಗುವಿನ ಬರ ಎಂಬುದೇ ಇರುವುದಿಲ್ಲ. ನನಗಂತೂ ದಿನಕ್ಕೊಂದು ಪ್ರಸಂಗ ಕಾದಿರುತ್ತಿತ್ತು. ಅದು ಯುದ್ಧದ ಕಾಲ. ರೇಷನ್ನು, ಆಸ್ಪತ್ರೆ, ಕಚೇರಿ, ಎಲ್ಲೆಲ್ಲೂ ಹೊಸ ನಿಯಮ. ಮುದುಕರು ಕಂಗಾಲಾಗಿದ್ದರು. ಅವರಿಗೆ ಸಲಹೆ ಕೊಡೋಣವೆಂದು ನಾನೂ ನನ್ನ ಗೆಳೆಯನೂ ಹಲಸೂರಿನ ಅಮ್ಮನ ಗುಡಿಯ ಜಗಲಿಯಲ್ಲಿ ಬೆಂಚು ಹಾಕಿ ಕೂತೆವು.

ಬೋಣಿ

ಮೊದಲ ದಿನವೇ ಜನ ಸೇರಿದರು. ಸಲಹೆ ಕೇಳಲಿಕ್ಕಲ್ಲ, ಕೊಡಲಿಕ್ಕೆ. ಬೆಂಚು ಪೂರ್ವಕ್ಕೆ ಮುಖ ಮಾಡಿರಬೇಕು ಎಂದರು ಒಬ್ಬರು. "ನೀನು ಬೇಗ ಮದುವೆಯಾಗು" ಎಂದು ನನಗೇ ಹೇಳಿದರು ಇನ್ನೊಬ್ಬರು. ಸಂಜೆ ಗುಡಿಯ ಧರ್ಮದರ್ಶಿಗಳು, "ಹೇಗ್ರೀ ನಡೀತು?" ಎಂದು ವಿಚಾರಿಸಿದರು.

"ತುಂಬಾ ಉಪಯೋಗ ಆಯ್ತು ಸ್ವಾಮಿ," ಎಂದ ಗೆಳೆಯ. "ನಮಗೆ."

ಪಕ್ಕದ ಮನೆಯವಳು

ಗುಡಿಗೆ ಹೂ ಕಟ್ಟಿಕೊಡುವ ಅಜ್ಜಿ ಗೋಡೆ ತಡವುತ್ತಾ ಬಂದಳು. "ಸ್ವಾಮಿ, ನಮ್ ಪಕ್ಕದ ಮನೆಯವಳಿಗೆ ಕಣ್ಣಲ್ಲಿ ಪೊರೆ ಬಂದದೆ. ಆಪರೇಷನ್ ಆಗ್ಬೇಕಂತೆ. ಅವಳಿಗೆ ಭಯ."

ತಮ್ಮ ಕಷ್ಟವನ್ನು ತಮ್ಮದೆಂದು ಹೇಳುವ ಅಭ್ಯಾಸ ಆ ಕಾಲದವರಿಗೆ ಇರಲಿಲ್ಲ. ನಾನೂ ಹಾಗೆಯೇ ಉತ್ತರಿಸಿದೆ. "ತಡ ಮಾಡಿದ್ರೆ ದೃಷ್ಟಿನೇ ಹೋಗ್ಬಿಡುತ್ತೆ ಅಂತ ಅವರಿಗೆ ಹೇಳಿ. ನಾವೇ ಜಟಕಾದಲ್ಲಿ ಕರ್ಕೊಂಡು ಹೋಗ್ತೀವಿ."

"ಅವಳಿಗೆ ಹೇಳ್ತೀನಿ ಸ್ವಾಮಿ," ಎಂದು, ನಾನೆಂದುಕೊಂಡು ಕಂಬಕ್ಕೆ ಕೈಮುಗಿದು ಹೊರಟಳು.

ಹೂ ಪ್ರಸಾದ

ನಾವು ಹೇಳಿದರೆ ಸಾಕೇ? ಅಮ್ಮ ಒಪ್ಪಬೇಕಲ್ಲ! ವಿಗ್ರಹದ ಮೇಲಿನ ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಅಜ್ಜಿ ಅಮ್ಮನನ್ನು ಕೇಳಿಕೊಂಡಳು, ಹೂವು ಬಿತ್ತು. ಅರ್ಚಕರು "ಬಲ" ಎಂದರು. ನೆರೆದಿದ್ದ ಹಿರಿಯರು, "ಅಮ್ಮನ ಬಲವೋ, ನಮ್ಮ ಬಲವೋ?" ಎಂದು ವಾದಕ್ಕಿಳಿದರು. ಎಡವೆಂದು ತೀರ್ಮಾನವಾದರೆ ಅಜ್ಜಿಗೆ ಜೀವಮಾನವಿಡೀ ಕತ್ತಲೆ.

ಅಜ್ಜಿ ಗದರಿದಳು. "ಸುಮ್ನಿರ್ರಪ್ಪಾ! ನಿಮ್ಮಲ್ಲಿ ಒಬ್ರನ್ನೂ ನಂಬಲ್ಲ. ಮೊದ್ಲು ಹೋಗಿ ಕಣ್ಣು ಮಾಡಿಸ್ಕೊಂಡು ಬರ್ತೀನಿ. ಆಮೇಲೆ ಅಮ್ಮನ್ನ ಕೇಳಿ, ಹೂವು ಯಾವ ಕಡೆ ಬೀಳುತ್ತೆ ಅಂತ ನಾನೇ ನೋಡ್ತೀನಿ, ಮಾಡಿಸ್ಕೋಬೇಕೋ ಬೇಡ್ವೋ ಅಂತ!"

ಪಟ್ಟಿ ಬಿಚ್ಚಿದ ಮೇಲೆ

ಕೆಲವು ವಾರಗಳ ನಂತರ ಅಜ್ಜಿ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಗೋಡೆ ಹಿಡಿಯದೆ ಒಬ್ಬಳೇ ನಡೆದು ಬಂದಳು. ಬೆಂಚಿನ ಮೇಲೆ ಕೂತು, ತಾನೇ ಕಟ್ಟಿದ ಕನಕಾಂಬರದ ಬಣ್ಣವನ್ನು ಬಹಳ ಹೊತ್ತು ನೋಡಿದಳು. ಒಂದು ಬೆಂಚಿನಿಂದ ಇಷ್ಟು ದೊಡ್ಡದು ಆಗಬಹುದೇ ಎಂದುಕೊಂಡೆ.

"ನಂಗೆ ಧೈರ್ಯ ಹೇಳಿದ ಯಜಮಾನ್ರು ಎಲ್ಲಪ್ಪ? ಕೈ ಮುಗೀಬೇಕು," ಎಂದಳು.

"ನಾನೇ ಅಜ್ಜಿ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನಾ? ಗಂಟಲು ಕೇಳಿ ಯಾರೋ ದೊಡ್ಡೋರು ಅಂದ್ಕೊಂಡಿದ್ದೆ. ಮೀಸೆನೇ ಸರಿಯಾಗಿ ಬಂದಿಲ್ವಲ್ಲೋ! ಅವತ್ತು ಕಣ್ಣು ಕಾಣ್ತಿದ್ದಿದ್ರೆ ನಿನ್ನ ಮಾತು ಕೇಳ್ತಾನೇ ಇರ್ಲಿಲ್ಲ!"