ಹತ್ತು ನಿಮಿಷದ ಚಹಾ

ನಮ್ಮ ಚಿಕ್ಕಪ್ಪನನ್ನು ಮದುವೆಗೆ ಕರೆಯಲು ಅಂಕೋಲೆಯ ಜನ ಹಿಂದೆ ಮುಂದೆ ನೋಡುತ್ತಿದ್ದರು. ಕುಡಿಯುತ್ತಿದ್ದನೇ? ಇಲ್ಲ. ಜಗಳಗಂಟನೇ? ಅಲ್ಲವೇ ಅಲ್ಲ! ಅವನಿಗಿದ್ದದ್ದು ಒಂದೇ ಚಟ, ಕಾರ್ಮಿಕ ಕಾಯ್ದೆ.

ಕಾರವಾರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಅವನು ಹಾಜರಿ ಗುಮಾಸ್ತ, ನಾನು ಟೈಪಿಸ್ಟ್. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬಸ್ಸಿನಲ್ಲಿ ಯಾರದಾದರೂ ಮೊಬೈಲ್ ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಿದ್ದ ಕಾಲ. ಅಂಕೋಲೆಯಿಂದ ಇಬ್ಬರೂ ದಿನಾ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಅವನು ಮುಂಚೆ ಹತ್ತಿ, ಪಕ್ಕದ ಸೀಟಿನ ಮೇಲೆ ಕೊಡೆ ಮಲಗಿಸಿ ನನಗೆ ಜಾಗ ಹಿಡಿಯುತ್ತಿದ್ದ, ನಮ್ಮ ಕಡೆಯ ರೂಢಿಯಂತೆ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ರಟ್ಟು ಕಿತ್ತ ಕಾಯ್ದೆ ಪುಸ್ತಕ. ಟಿಕೆಟ್ ತೆಗೆಸುವ ಮುಂಚೆ, ನಿನ್ನ ಡ್ಯೂಟಿ ಎಷ್ಟು ತಾಸು ಎಂದು ಕಂಡಕ್ಟರನನ್ನೇ ವಿಚಾರಿಸುವವನು. ಪಾಪ, ಆತ ತನ್ನ ಗೋಳು ಹೇಳಿ ಮುಗಿಸುವಷ್ಟರಲ್ಲಿ ಕಾರವಾರದ ಹತ್ತಿರದ ಅರ್ಗಾ ಬಂದಿರುತ್ತಿತ್ತು, ಹಿಂದಿನ ಸೀಟಿನವರಿಗೆ ಟಿಕೆಟ್ಟೇ ಆಗಿರುತ್ತಿರಲಿಲ್ಲ.

ಅದಕ್ಕೂ ಎಷ್ಟೋ ವರ್ಷ ಮುಂಚೆ, ನನ್ನ ಮದುವೆಯಲ್ಲಿ ಆದದ್ದು ಕೇಳಿ. ಎರಡನೇ ಪಂಕ್ತಿ ಕೂತಿದೆ, ಎಲೆಗೆ ಉಪ್ಪು ಬಿದ್ದಿದೆ, ಅನ್ನ ಮಾತ್ರ ಬರುತ್ತಿಲ್ಲ. ಬೀಗರು ಬಾಗಿಲ ಕಡೆ ನೋಡುತ್ತಿದ್ದಾರೆ, ಅಪ್ಪ ಬೆವರುತ್ತಿದ್ದಾನೆ. ಒಳಗೆ ಹೋಗಿ ನೋಡಿದರೆ, ಬಡಿಸುವವರನ್ನೆಲ್ಲ ಸಾಲಾಗಿ ಕೂರಿಸಿ ಚಿಕ್ಕಪ್ಪ ಅವರಿಗೆ ಬಡಿಸುತ್ತಿದ್ದಾನೆ! ಐದು ತಾಸು ಕೆಲಸ ಮಾಡಿದವರಿಗೆ ಅರ್ಧ ತಾಸು ಬಿಡುವು ಕೊಡಲೇಬೇಕಂತೆ. ಅಪ್ಪ ಕೈ ಮುಗಿದ. ಚಿಕ್ಕಪ್ಪ ಗಡಿಯಾರ ನೋಡಿ, ಇನ್ನೂ ಹನ್ನೊಂದು ನಿಮಿಷ ಇದೆ ಅಂದ. ನನ್ನ ಅತ್ತೆ ಇವತ್ತಿಗೂ ಆ ಹನ್ನೊಂದು ನಿಮಿಷ ಮರೆತಿಲ್ಲ.

ಸ್ವಂತ ಮನೆಯನ್ನಾದರೂ ಬಿಟ್ಟನೇ? ಚಿಕ್ಕಮ್ಮನಿಗೆ ವಾರದ ರಜೆ ಎಂದು ಅಡುಗೆಮನೆ ಬಾಗಿಲಿಗೆ ನೋಟೀಸು ಅಂಟಿಸಿ, ಭಾನುವಾರ ತಾನೇ ಮೀನು ಸಾರು ಮಾಡಿದ. ಹೇಗಿತ್ತು ಅಂತ ಕೇಳಬೇಡಿ, ಬೆಕ್ಕೂ ಮೂಸಿ ಹಿಂದೆ ಸರಿಯಿತು. ಸೋಮವಾರ ಚಿಕ್ಕಮ್ಮ ತಳ ಹಿಡಿದ ಪಾತ್ರೆ ತಿಕ್ಕುತ್ತಾ ಕೇಳಿದ್ದು ಒಂದೇ. ಈ ರಜೆ ಬೇಡ ಅಂತ ಅರ್ಜಿ ಕೊಡಬೇಕಾದರೆ ಯಾರಿಗೆ ಕೊಡಬೇಕು?

ನಗಬೇಡಿ ಎನ್ನುವುದಿಲ್ಲ, ನಾನೂ ನಕ್ಕವಳೇ. ಆದರೆ ನಮ್ಮ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಹೊಕ್ಕರೆ ಮಧ್ಯಾಹ್ನದವರೆಗೆ ಯಾರೂ ಜಾಗ ಬಿಟ್ಟು ಏಳುವ ಹಾಗಿರಲಿಲ್ಲ. ಐಸ್ ಮುಟ್ಟಿ ಮುಟ್ಟಿ ಹೆಂಗಸರ ಬೆರಳು ಬಿಳುಚಿ ಹೋಗಿರುತ್ತಿದ್ದವು. ಚಿಕ್ಕಪ್ಪ ಎರಡು ವರ್ಷ ಬಿಡದೆ ಅರ್ಜಿ ಬರೆದ. ಒಂದೊಂದರ ನಕಲಿಗೂ ಸಹಿ, ಶಿಕ್ಕಾ ಹಾಕಿಸಿಕೊಂಡೇ ಮೇಜು ಬಿಟ್ಟು ಕದಲುತ್ತಿದ್ದ. ಕೊನೆಗೆ ಮ್ಯಾನೇಜರ್ ಬೇಸತ್ತು, ಹತ್ತೂವರೆಗೆ ಹತ್ತು ನಿಮಿಷ ಚಹಾಕ್ಕೆ ಬಿಡುವು ಎಂದು ಆದೇಶ ಹೊರಡಿಸಿದ. ಟೈಪ್ ಮಾಡಿದವಳು ನಾನೇ. ಮೊದಲ ದಿನ ಗಂಟೆ ಹೊಡೆದಾಗ ಆ ಹೆಂಗಸರು ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟರು, ಎಷ್ಟೋ ಹೊತ್ತು ಕುಡಿಯಲೇ ಇಲ್ಲ.

ಆಮೇಲೆ ಬಂತು ನೋಡಿ ಗ್ರಹಚಾರ. ಅರ್ಗಾದಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಕಾಲ ಮೇಲೆ ಒಂದು ಬೆಳಿಗ್ಗೆ ಐಸಿನ ಗಡ್ಡೆ ಬಿದ್ದು ಪಾದ ಜಜ್ಜಿಹೋಯಿತು. ಅವಳನ್ನು ಆಸ್ಪತ್ರೆಗೆ ಸಾಗಿಸಿದ್ದೇ ತಡ, ಮ್ಯಾನೇಜರ್ ಚಿಕ್ಕಪ್ಪನ ಮೇಜಿಗೆ ಬಂದು, ಅವಳಿಗೆ ಈ ದಿನ ಗೈರುಹಾಜರಿ ಹಾಕು ಅಂದ. ಕೆಲಸಕ್ಕೇ ಬಾರದವಳಿಗೆ ಫ್ಯಾಕ್ಟರಿ ಯಾಕೆ ಪರಿಹಾರ ಕೊಡಬೇಕು, ಅಲ್ಲವೇ? ಚಿಕ್ಕಪ್ಪ ಪೆನ್ನಿಗೆ ಟೊಪ್ಪಿ ಹಾಕಿ ಜೇಬಿಗಿಟ್ಟುಕೊಂಡ.

"ಬೆಳಿಗ್ಗೆ ಅವಳು ಒಳಗೆ ಬಂದದ್ದು ನಾ ಕಣ್ಣಾರೆ ಕಂಡದ್ದು. ತಿದ್ದೂದಿಲ್ಲ."

ನಾನು ಎರಡು ಮಾರು ದೂರದಲ್ಲಿದ್ದೆ. ಒಂದೊಂದು ಮಾತೂ ಕೇಳಿಸಿತ್ತು.

ಎಂಟು ದಿನದಲ್ಲಿ ಚಿಕ್ಕಪ್ಪನ ಮೇಲೆ ವಿಚಾರಣೆ. ಮ್ಯಾನೇಜರ್ ಹಾಜರಿ ತಿದ್ದಲು ಹೇಳಿದ ಎಂದು ದೂರು ಬರೆದು ಸುಳ್ಳು ಹೊರಿಸಿದನಂತೆ! ಸುಳ್ಳಲ್ಲ ಎನ್ನಲು ಇದ್ದ ಸಾಕ್ಷಿ ನಾನೊಬ್ಬಳೇ. ಹಿಂದಿನ ದಿನ ಮ್ಯಾನೇಜರ್ ನನ್ನನ್ನು ಕರೆದು, ಗಂಡನಿಗೆ ಕೆಲಸವಿಲ್ಲವಂತಲ್ಲ, ಮಕ್ಕಳು ಎಷ್ಟನೇ ಕ್ಲಾಸು ಎಂದು ಬಹಳ ಪ್ರೀತಿಯಿಂದ ಕೇಳಿದ್ದ. ಏನು ಕೇಳುತ್ತಿದ್ದಾನೆಂದು ನನಗೆ ಗೊತ್ತಾಗಿತ್ತು.

ವಿಚಾರಣೆಗೆ ಬಂದ ವಕೀಲರು ನನ್ನನ್ನು ನಿಲ್ಲಿಸಿ ಕೇಳಿದರು. ನಾನು ನೆಲ ನೋಡುತ್ತಾ, "ಆಗ ನಾನು ಚಹಾ ಕುಡಿಯೋಕೆ ಹೋಗಿದ್ದೆ. ಎಂತದೂ ಕೇಳ್ಲಿಲ್ಲ," ಅಂದೆ.

ಆ ಸುಳ್ಳಿಗೂ ಅವನೇ ತಂದುಕೊಟ್ಟ ಬಿಡುವು ಬೇಕಾಯಿತು ನನಗೆ! ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಪಾಟೀಸವಾಲು ಮಾಡುವ ಹಕ್ಕು ಚಿಕ್ಕಪ್ಪನಿಗಿತ್ತು, ಅದನ್ನೂ ಅರ್ಜಿ ಕೊಟ್ಟೇ ಪಡೆದಿದ್ದ. ಚೀಲದಿಂದ ಒಂದು ಹಾಳೆ ತೆಗೆದ. ಎರಡೂ ಮಗ್ಗುಲು ತುಂಬಾ ಪ್ರಶ್ನೆ. ನನ್ನ ಮುಖ ನೋಡಿದ. ಹಾಳೆ ಮಡಚಿದ.

"ಚಹಾ ಬಿಸಿ ಇತ್ತಾ ತಂಗಿ?"

"ಇತ್ತು."

"ಮತ್ತೆ ಕೇಳೂದು ಎಂತದೂ ಇಲ್ಲ," ಎಂದು ಕೂತುಬಿಟ್ಟ.

ಆ ಸಂಜೆ ಬಸ್ಸಿಗೆ ನಾನು ಬೇಕೆಂದೇ ಎಲ್ಲರಿಗಿಂತ ಕೊನೆಗೆ ಹತ್ತಿದೆ. ಹತ್ತಿ ನೋಡಿದರೆ ಸೀಟಿನ ಮೇಲೆ ಅದೇ ಕೊಡೆ. ಚಿಕ್ಕಪ್ಪ ಅದನ್ನೆತ್ತಿ ಜಾಗ ಕೊಟ್ಟ. ಅರ್ಗಾ ದಾಟಿದ ಮೇಲೆ ಅವನೇ ಅಂದ, "ಸಾಕ್ಷಿ ಹೇಳಿದ್ದಕ್ಕೆ ನಿನ್ನ ಕೆಲಸ ತೆಗೆದ್ರೆ ಎಂತ ಮಾಡೂದು ಅಂತ ಪುಸ್ತಕ ಪೂರಾ ಹುಡುಕ್ದೆ ತಂಗಿ. ನಿನ್ನ ಕಾಪಾಡುವಂಥದ್ದು ನಂಗೆ ಸಿಗ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ."

ಆ ವಾರವೇ ಅವನ ಕೆಲಸ ಹೋಯಿತು. ಅರ್ಗಾದ ಹೆಂಗಸಿಗೆ ಮಾತ್ರ ಪರಿಹಾರ ಸಿಕ್ಕಿತು. ಹಾಜರಿಯ ಆ ಪುಟದ ನಕಲನ್ನು ಚಿಕ್ಕಪ್ಪ ಅವಳ ಕಾಲು ಜಜ್ಜಿದ ದಿನವೇ ಕಾರ್ಮಿಕ ಕಚೇರಿಗೆ ಕೊಟ್ಟು, ಶಿಕ್ಕಾ ಹಾಕಿಸಿಕೊಂಡು ಬಂದಿದ್ದ. ಬಸ್ಸಿನಲ್ಲಿ ನನ್ನ ಪಕ್ಕ ಯಾರ್ಯಾರೋ ಕೂರತೊಡಗಿದರು.

ಹತ್ತೂವರೆಯ ಗಂಟೆ ಹೊಡೆದರೂ ನಾನು ಕುರ್ಚಿ ಬಿಟ್ಟು ಏಳುವುದನ್ನು ನಿಲ್ಲಿಸಿದೆ. ಯಾರು ಹೇಳಿದರೋ, ಅವನಿಗೆ ಸುದ್ದಿ ಮುಟ್ಟಿತು. ಭಾನುವಾರ ಮನೆಗೆ ಬಂದು ಬೈದ. ಸಾಕ್ಷಿ ತಪ್ಪಿದ್ದಕ್ಕೆ ಬೈಯದವನು ಇದಕ್ಕೆ ಬೈದ! ಆಫೀಸಿನವರಾದ ನೀವೇ ಬಿಡುವು ಬಿಟ್ಟರೆ, ಇವರಿಗೆ ಬೇಡ ಅಂತ ಮ್ಯಾನೇಜರ್ ಕಿತ್ತುಕೊಳ್ಳುತ್ತಾನೆ, ಆ ಹೆಂಗಸರ ಗತಿ ಏನು? ಕುಡಿಯಲೇಬೇಕು ಅಂದ.

ಕುಡಿಯುತ್ತೇನೆ. ದಿನಾ, ಹತ್ತೂವರೆಗೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. ಬಿಸಿಯೇ ಇರುತ್ತದೆ. ಗಂಟಲಲ್ಲಿ ಇಳಿಯುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ.